ಆರ್ಕ್‌ಜಿಐಎಸ್ ಪ್ರೊ ಲೈಸೆನ್ಸ್ ವಿಮರ್ಶೆ: ಕೊಟೇಶನ್ನಿನಲ್ಲಿ ಕಾಣದ ಲೆಕ್ಕ

ಆರ್ಕ್‌ಜಿಐಎಸ್ ಪ್ರೊ ಎಂದರೆ ನಕ್ಷೆ ತಯಾರಿಸಲು, ಸ್ಥಳದ ದತ್ತಾಂಶ ವಿಶ್ಲೇಷಿಸಲು ಎಸ್ರಿ ಕಂಪನಿ ಮಾರುವ ತಂತ್ರಾಂಶ. ತಂತ್ರಾಂಶವಾಗಿ ಅದರ ಬಗ್ಗೆ ತಕರಾರು ಕಡಿಮೆ. ದೊಡ್ಡ ರಾಸ್ಟರ್ (ಉಪಗ್ರಹ ಚಿತ್ರದಂಥ ಚೌಕಜಾಲದ ದತ್ತಾಂಶ) ಇರಲಿ, ರಸ್ತೆ ಜಾಲದ ವಿಶ್ಲೇಷಣೆ ಇರಲಿ, ಹತ್ತು ಜನ ಒಂದೇ ಡೇಟಾಬೇಸ್ ತಿದ್ದುವ ಕೆಲಸ ಇರಲಿ, ನಿಭಾಯಿಸುತ್ತದೆ. ತೆರೆದುಕೊಳ್ಳುವುದು ನಿಧಾನ, 16 ಜಿಬಿಗಿಂತ ಕಡಿಮೆ ರ‍್ಯಾಮ್ ಇದ್ದರೆ ಅಷ್ಟರಲ್ಲಿ ಒಂದು ಕಾಫಿ ಮುಗಿಸಬಹುದು. ತಂತ್ರಾಂಶಕ್ಕೆ 5ರಲ್ಲಿ 4 ಅಂಕ. ಲೈಸೆನ್ಸ್ ವ್ಯವಸ್ಥೆಗೆ ಮಾತ್ರ ಎರಡೂವರೆ. ಹೊಸದಾಗಿ ಕೊಳ್ಳುವವರು ಎಡವುವುದು ಅಲ್ಲೇ ಆದ್ದರಿಂದ ಈ ವಿಮರ್ಶೆ ಪೂರ್ತಿ ಆ ಎರಡೂವರೆಯ ಬಗ್ಗೆ.

ಕೊಟೇಶನ್ನಿನ ಒಂದೇ ಸಾಲಿನಲ್ಲಿ ಎರಡು ಬೇರೆ ಬೇರೆ ಸಂಗತಿ ಸೇರಿಕೊಂಡಿರುತ್ತವೆ. ಒಂದು, ಮಟ್ಟ: ಬೇಸಿಕ್, ಸ್ಟ್ಯಾಂಡರ್ಡ್, ಅಡ್ವಾನ್ಸ್ಡ್. ಯಾವ ಟೂಲ್ ತೆರೆದಿದೆ, ಯಾವುದಕ್ಕೆ ಬೀಗ ಬಿದ್ದಿದೆ ಎನ್ನುವುದು ಇದರಿಂದ ತೀರ್ಮಾನವಾಗುತ್ತದೆ. ಇನ್ನೊಂದು, ವಿಧ: ನೇಮ್ಡ್ ಯೂಸರ್, ಸಿಂಗಲ್ ಯೂಸ್, ಕನ್‌ಕರೆಂಟ್ ಯೂಸ್. ಲೈಸೆನ್ಸನ್ನು ವ್ಯಕ್ತಿಗೆ ಕಟ್ಟಿದ್ದಾರೋ, ಯಂತ್ರಕ್ಕೆ ಕಟ್ಟಿದ್ದಾರೋ, ಇಡೀ ಕಚೇರಿಯ ಹುಂಡಿಗೆ ಹಾಕಿದ್ದಾರೋ ಎಂಬುದು ಇದರಲ್ಲಿದೆ. ಮಟ್ಟ ತಪ್ಪಿದರೆ ದುಡ್ಡು ಹೋಗುತ್ತದೆ, ವಿಧ ತಪ್ಪಿದರೆ ಕೆಲಸ ನಿಲ್ಲುತ್ತದೆ. ಹಳೆ ಕಡತಗಳಲ್ಲಿ ಆರ್ಕ್‌ವ್ಯೂ, ಆರ್ಕ್‌ಎಡಿಟರ್, ಆರ್ಕ್‌ಇನ್ಫೋ ಎಂದು ಕಂಡರೆ ಗಾಬರಿ ಬೇಡ, 2012ರ 10.1 ಆವೃತ್ತಿಯಲ್ಲಿ ಹೆಸರು ಬದಲಾದದ್ದು ಅಷ್ಟೇ, ಮಟ್ಟಗಳು ಅವೇ ಮೂರು.

ಬೇಸಿಕ್‌ನಲ್ಲಿ ನಕ್ಷೆ ತಯಾರಿ, ನಕ್ಷೆಯ ದತ್ತಾಂಶ ಇಡುವ ಶೇಪ್‌ಫೈಲ್ ಮತ್ತು ಫೈಲ್ ಜಿಯೋಡೇಟಾಬೇಸ್ ಕಡತಗಳ ತಿದ್ದುವಿಕೆ, ಬಫರ್ (ಸುತ್ತ ಇಷ್ಟು ದೂರದ ವಲಯ ಎಳೆಯುವುದು), ಕ್ಲಿಪ್ (ಬೇಕಾದಷ್ಟು ಕತ್ತರಿಸುವುದು) ಎಲ್ಲ ಸಿಗುತ್ತದೆ. ನಕ್ಷೆಯ ಪದರಗಳನ್ನು, ಅಂದರೆ ಲೇಯರುಗಳನ್ನು, ಒಂದರ ಮೇಲೊಂದು ಕೂರಿಸಿ ಸೇರಿಸುವ ಇಂಟರ್‌ಸೆಕ್ಟ್, ಯೂನಿಯನ್ ಕೂಡ ಇವೆ, ಆದರೆ ಒಮ್ಮೆಗೆ ಎರಡೇ ಲೇಯರ್. ಮಣ್ಣು, ಮಳೆ, ಬೆಳೆ ಅಂತ ಮೂರನ್ನು ಒಟ್ಟಿಗೆ ಕೊಟ್ಟರೆ ಟೂಲ್ ಓಡುವುದಿಲ್ಲ. ಇದಕ್ಕಾಗಿ ಮೇಲಿನ ಮಟ್ಟ ಕೊಳ್ಳುವವರಿದ್ದಾರೆ, ಅಗತ್ಯವಿಲ್ಲ. ಮೊದಲ ಎರಡನ್ನು ಸೇರಿಸಿ, ಬಂದ ಫಲಿತಾಂಶವನ್ನು ಮೂರನೆಯದರ ಜೊತೆ ಸೇರಿಸಿದರೆ ಅದೇ ಉತ್ತರ. ಟೂಲುಗಳನ್ನು ಸಾಲಾಗಿ ಓಡಿಸುವ ಮಾಡೆಲ್‌ಬಿಲ್ಡರ್‌ನಲ್ಲಿ ಒಮ್ಮೆ ಜೋಡಿಸಿಟ್ಟರೆ ಮುಗಿಯಿತು.

ಸ್ಟ್ಯಾಂಡರ್ಡ್ ನಿಜವಾಗಿ ಬೇಕಾಗುವುದು ಹಲವರು ಒಟ್ಟಿಗೆ ತಿದ್ದುವ ಎಂಟರ್‌ಪ್ರೈಸ್ ಜಿಯೋಡೇಟಾಬೇಸ್ ಇದ್ದಾಗ. ಬೇಸಿಕ್‌ನಿಂದ ಅದನ್ನು ನೋಡಬಹುದು, ತಿದ್ದಲು ಬರುವುದಿಲ್ಲ. ವರ್ಷನಿಂಗ್ (ಒಬ್ಬರ ತಿದ್ದುಪಡಿ ಇನ್ನೊಬ್ಬರದಕ್ಕೆ ಅಡ್ಡ ಬಾರದಂತೆ ಬೇರೆ ಆವೃತ್ತಿಯಲ್ಲಿಡುವುದು), ಟೋಪಾಲಜಿ ನಿಯಮ (ಗಡಿಗಳು ಒಂದರ ಮೇಲೊಂದು ಬೀಳಬಾರದು ಎಂಬಂಥವು) ಕಟ್ಟುವುದು ಕೂಡ ಇಲ್ಲಿಂದಲೇ ಶುರು. ಜಮೀನಿನ ಗಡಿ, ಕುಡಿಯುವ ನೀರಿನ ಕೊಳವೆ ಜಾಲ, ವಿದ್ಯುತ್ ಕಂಬಗಳಂಥ ದಿನವೂ ಬದಲಾಗುವ ದತ್ತಾಂಶಕ್ಕೆ ಈ ಖರ್ಚು ಸಾರ್ಥಕ.

ಅಡ್ವಾನ್ಸ್ಡ್ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಗಡಿ ಗೆರೆಗಳನ್ನು ಡಿಜಿಟೈಸ್ ಮಾಡಿ ಮುಗಿಸಿದ್ದೀರಿ, ಈಗ ಅವುಗಳಿಂದ ಪಾಲಿಗನ್ (ಮುಚ್ಚಿದ ಆಕೃತಿ) ಆಗಬೇಕು. ಫೀಚರ್ ಟು ಪಾಲಿಗನ್ ಟೂಲ್ ಹುಡುಕಿದರೆ ಅದು ಅಡ್ವಾನ್ಸ್ಡ್‌ಗೆ ಮಾತ್ರ. ಪಾಲಿಗನ್ನಿನ ಮೂಲೆ ಬಿಂದುಗಳನ್ನು ತೆಗೆಯುವ ಫೀಚರ್ ವರ್ಟಿಸೀಸ್ ಟು ಪಾಯಿಂಟ್ಸ್ ಕಥೆಯೂ ಅದೇ. ಇಂಥದೇ ಕೆಲಸಕ್ಕೆ ಉಚಿತವಾಗಿ ಸಿಗುವ ತಂತ್ರಾಂಶ ಕ್ಯೂಜಿಐಎಸ್‌ನ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ಪಾಲಿಗನೈಜ್, ಎಕ್ಸ್‌ಟ್ರಾಕ್ಟ್ ವರ್ಟಿಸೀಸ್ ಎಂಬ ಹೆಸರಿನಲ್ಲಿ ಎರಡೂ ಇವೆ. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಟೂಲಿಗೆ ಅಡ್ವಾನ್ಸ್ಡ್ ಹಾಕಿಸುವುದೆಂದರೆ ಇಲಿ ಹಿಡಿಯಲು ಆನೆ ಸಾಕಿದ ಹಾಗೆ. ಕೊಳ್ಳುವ ಮೊದಲು ನಿಮ್ಮ ಕೆಲಸದಲ್ಲಿ ಬರುವ ಟೂಲುಗಳ ಪಟ್ಟಿ ಮಾಡಿ, ಪ್ರತಿಯೊಂದರ ಸಹಾಯ ಪುಟವನ್ನು ಕೊನೆತನಕ ಇಳಿಸಿ. ತುದಿಯಲ್ಲಿ ಲೈಸೆನ್ಸಿಂಗ್ ಎಂಬ ತಲೆಬರಹದ ಕೆಳಗೆ ಮೂರೂ ಮಟ್ಟಕ್ಕೆ ಹೌದು, ಇಲ್ಲ ಅಥವಾ ಮಿತ ಎಂದು ಬರೆದಿರುತ್ತದೆ. ಅರ್ಧ ದಿನದ ಕೆಲಸ, ವರ್ಷ ವರ್ಷದ ಉಳಿತಾಯ.

ಇಳಿಜಾರು, ಜಲಾನಯನ, ರಾಸ್ಟರ್ ಕ್ಯಾಲ್ಕುಲೇಟರ್ ಬೇಕೆಂದರೆ ಸ್ಪೇಷಿಯಲ್ ಅನಲಿಸ್ಟ್ ಎಂಬ ಎಕ್ಸ್‌ಟೆನ್ಶನ್ (ಹೆಚ್ಚುವರಿ ಟೂಲುಗಳ ಕಟ್ಟು) ಬೇಕು. ಮಟ್ಟ ಅಡ್ವಾನ್ಸ್ಡ್ ಇದ್ದ ಮಾತ್ರಕ್ಕೆ ಅದು ಬಂತು ಅಂದುಕೊಳ್ಳಬೇಡಿ. ಯಾವ ಎಕ್ಸ್‌ಟೆನ್ಶನ್ ಒಳಗೆ ಸೇರಿದೆ, ಯಾವುದಕ್ಕೆ ಬೇರೆ ಸಾಲು ಎಂದು ಹೆಸರು ಹೆಸರಾಗಿ ಬರೆಸಿಕೊಳ್ಳಿ. ಜೊತೆಗೆ 18% ಜಿಎಸ್‌ಟಿ ಸೇರಿಸಿ ಓದಿ. ಬಜೆಟ್ ಟಿಪ್ಪಣಿಯಲ್ಲಿ ಬಿಟ್ಟುಹೋಗುವುದು ಇದೇ.

ಇನ್ನು ವಿಧ. ನೇಮ್ಡ್ ಯೂಸರ್ ಅಂದರೆ ಲೈಸೆನ್ಸ್ ಒಂದು ಖಾತೆಗೆ ಅಂಟಿಕೊಂಡಿರುತ್ತದೆ. ಅದೇ ಖಾತೆಯಿಂದ ಏಕಕಾಲಕ್ಕೆ ಮೂರು ಯಂತ್ರಗಳಲ್ಲಿ ಪ್ರೊ ತೆರೆಯಬಹುದು. ಕಚೇರಿಯ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡೂ ಇರುವವರಿಗೆ ಅನುಕೂಲ. ಆದರೆ ಮೂರು ಜನ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳಲು ಅದು ಪರವಾನಗಿಯಲ್ಲ, ಒಪ್ಪಂದದ ಉಲ್ಲಂಘನೆ. ಕೆಲಸ ಬಿಟ್ಟವರ ಖಾತೆ ಅಳಿಸಬೇಕೆಂದರೆ ಮೊದಲು ಅವರ ಹೆಸರಿನಲ್ಲಿರುವ ಲೇಯರ್, ವೆಬ್ ಮ್ಯಾಪ್, ಗ್ರೂಪುಗಳನ್ನು ಬೇರೆಯವರಿಗೆ ವರ್ಗಾಯಿಸಿ, ಲೈಸೆನ್ಸ್ ಹಿಂಪಡೆದು, ಆಮೇಲೆ ಅಳಿಸಬೇಕು. ಈ ಕ್ರಮ ಗೊತ್ತಿಲ್ಲದ ಕಚೇರಿಗಳಲ್ಲಿ ಊರು ಬಿಟ್ಟವರ ಹೆಸರಿನಲ್ಲೂ ವರ್ಷಗಟ್ಟಲೆ ಬಾಡಿಗೆ ಕಟ್ಟುವುದು ನಡೆಯುತ್ತಲೇ ಇರುತ್ತದೆ.

ನೇಮ್ಡ್ ಯೂಸರ್‌ಗೆ ಇಂಟರ್ನೆಟ್ ಬೇಕು. ಆಗುಂಬೆ, ಕುದುರೆಮುಖದ ಕಡೆ ಕ್ಷೇತ್ರಕಾರ್ಯಕ್ಕೆ ಹೊರಟವರು ಹಿಂದಿನ ದಿನವೇ ಪ್ರಾಜೆಕ್ಟ್ ಮೆನುವಿನ ಲೈಸೆನ್ಸಿಂಗ್ ಪುಟದಲ್ಲಿ ಆಫ್‌ಲೈನ್ ಆಯ್ಕೆ ಒತ್ತಬೇಕು. ಒತ್ತಿದ ಮೇಲೆ ಪ್ರೊ ಮುಚ್ಚಿ, ವೈಫೈ ಆರಿಸಿ, ಮತ್ತೆ ತೆರೆದು ನೋಡಿ. ಕಚೇರಿಯಲ್ಲೇ ಈ ಪರೀಕ್ಷೆ ಆಗಬೇಕು, ಘಟ್ಟದ ಮೇಲಲ್ಲ. ಹಾಗೆ ಹೊರಗೆ ಒಯ್ದ ಲೈಸೆನ್ಸ್ ಆ ಯಂತ್ರದಲ್ಲೇ ಕೂತಿರುತ್ತದೆ, ವಾಪಸ್ ಕೊಡುವುದೂ ಅದೇ ಯಂತ್ರದಿಂದ. ಲ್ಯಾಪ್‌ಟಾಪ್ ನೀರಿಗೆ ಬಿದ್ದರೆ, ಡಿಸ್ಕ್ ಸತ್ತರೆ ಸಹಾಯವಾಣಿಯವರು ಬಿಡಿಸಿಕೊಡುವತನಕ ಕಾಯಬೇಕು. ಆದ್ದರಿಂದ ಯಂತ್ರ ಫಾರ್ಮ್ಯಾಟ್‌ಗೆ ಕೊಡುವ ಮುನ್ನ ಲೈಸೆನ್ಸ್ ವಾಪಸ್ ಆಗಿದೆಯೇ ಎಂದು ನೋಡುವ ಹೊಣೆ ಯಾರಾದರೊಬ್ಬರಿಗೆ ಇರಲಿ. ಸಿಂಗಲ್ ಯೂಸ್‌ಗೂ ಇದೇ ಮಾತು: ಡಿಆಥರೈಜ್ ಮಾಡದೆ (ಆ ಯಂತ್ರದ ನೋಂದಣಿ ಬಿಡಿಸದೆ) ವಿಂಡೋಸ್ ಹೊಸದಾಗಿ ಹಾಕಿದರೆ ಹಳೆಯ ನೋಂದಣಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕನ್‌ಕರೆಂಟ್ ಯೂಸ್ ಪಾಳಿಯಲ್ಲಿ ಕೆಲಸ ಮಾಡುವ ತಂಡಗಳಿಗೆ, ಕಾಲೇಜು ಲ್ಯಾಬುಗಳಿಗೆ ಹೇಳಿ ಮಾಡಿಸಿದ್ದು. 30 ಯಂತ್ರಗಳಲ್ಲಿ ಪ್ರೊ ಹಾಕಿಟ್ಟು 10 ಲೈಸೆನ್ಸ್ ಕೊಂಡರೆ, ಒಂದು ಹೊತ್ತಿಗೆ ಯಾರಾದರೂ 10 ಜನ ಕೂರಬಹುದು. ಇದಕ್ಕೆ ಒಳಗಿನ ಸರ್ವರಿನಲ್ಲಿ ಲೈಸೆನ್ಸ್ ಮ್ಯಾನೇಜರ್ ಓಡುತ್ತಿರಬೇಕು, ಮತ್ತು ತಲೆನೋವೆಲ್ಲ ಅಲ್ಲೇ. ಅದು ಕೇಳುವ ಪೋರ್ಟ್ 27000. ಫೈರ್‌ವಾಲ್‌ನಲ್ಲಿ ಅದೊಂದನ್ನು ತೆರೆದು ಕೂತರೆ ಸಾಲದು: ಅದರ ಬೆನ್ನಿಗೆ ಆರ್ಕ್‌ಜಿಐಎಸ್ ಎಂಬ ಹೆಸರಿನ ಇನ್ನೊಂದು ವೆಂಡರ್ ಪ್ರಕ್ರಿಯೆ ಇದ್ದು, ಅದು ಪ್ರತಿ ಸಲ ಶುರುವಾದಾಗಲೂ ಬೇರೆ ಪೋರ್ಟ್ ಹಿಡಿಯಬಹುದು. ಲಕ್ಷಣ ಹೀಗಿರುತ್ತದೆ: ನಿನ್ನೆತನಕ ಸರಿಯಿತ್ತು, ಸರ್ವರ್ ರೀಸ್ಟಾರ್ಟ್ ಆದ ಮೇಲೆ ಯಾರಿಗೂ ಲೈಸೆನ್ಸ್ ಸಿಗುತ್ತಿಲ್ಲ, ಸರ್ವರಿನಲ್ಲಿ ನೋಡಿದರೆ ಎಲ್ಲ ಹಸಿರು. ಪರಿಹಾರ, ಲೈಸೆನ್ಸ್ ಮ್ಯಾನೇಜರ್ ಫೋಲ್ಡರಿನ ಸರ್ವೀಸ್ ಎಂಬ ಪಠ್ಯ ಕಡತದಲ್ಲಿ ವೆಂಡರ್ ಸಾಲಿನ ಮುಂದೆ ಒಂದು ಸ್ಥಿರ ಪೋರ್ಟ್ ಸಂಖ್ಯೆ ಬರೆದು, ಆ ಸಂಖ್ಯೆಯನ್ನೂ ಫೈರ್‌ವಾಲ್‌ನಲ್ಲಿ ತೆರೆದು, ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡುವುದು.

ಇನ್ನೊಂದು ತೊಡಕು, ಲೈಸೆನ್ಸ್ ಸರ್ವರನ್ನು ವರ್ಚುವಲ್ ಯಂತ್ರದಲ್ಲಿಟ್ಟು ಐಟಿಯವರು ಅದನ್ನು ಬೇರೆ ಹಾರ್ಡ್‌ವೇರಿಗೆ ಎತ್ತಿ ಹಾಕಿದಾಗ. ಯಂತ್ರದ ಗುರುತು ಬದಲಾಯಿತೆಂದು ಲೈಸೆನ್ಸ್ ಅನ್‌ಟ್ರಸ್ಟೆಡ್ ಸ್ಥಿತಿಗೆ ಹೋಗುತ್ತದೆ, ರಿಪೇರಿ ಮಾಡಿಸದೆ ಹಂಚುವುದಿಲ್ಲ. ಸ್ಥಳಾಂತರಕ್ಕೆ ಮೊದಲೇ ಡಿಆಥರೈಜ್ ಮಾಡಿದರೆ ಈ ಪಾಡಿಲ್ಲ. ಪ್ರೊ ತೆರೆದಿಟ್ಟು ಊಟಕ್ಕೆ ಹೋದವರು ಲೈಸೆನ್ಸ್ ಹಿಡಿದುಕೊಂಡೇ ಹೋಗುತ್ತಾರೆ ಎನ್ನುವುದು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಇದಕ್ಕೆ ತಂತ್ರಜ್ಞಾನಕ್ಕಿಂತ ಗೋಡೆಗೆ ಅಂಟಿಸಿದ ಚೀಟಿ ಹೆಚ್ಚು ಕೆಲಸ ಮಾಡುತ್ತದೆ. ತುರ್ತು ಕೆಲಸದವರಿಗೆ ಎರಡು ಲೈಸೆನ್ಸ್ ಮೀಸಲಿಡಬೇಕೆಂದರೆ ಆಪ್ಶನ್ಸ್ ಕಡತದಲ್ಲಿ ರಿಸರ್ವ್ ಸಾಲು ಹಾಕಬಹುದು. ಹೀಗಿದ್ದೂ ಕಂಪನಿಯ ಒಲವು ನೇಮ್ಡ್ ಯೂಸರ್ ಕಡೆಗೇ ಇದೆ. ಕನ್‌ಕರೆಂಟ್ ನೆಚ್ಚಿಕೊಂಡು ಹೊಸ ಲ್ಯಾಬ್ ಕಟ್ಟುವವರು ಮುಂದಿನ ಆವೃತ್ತಿಗಳಲ್ಲೂ ಅದು ನಡೆಯುತ್ತದೆಯೇ ಎಂದು ಮಾರಾಟಗಾರರಿಂದ ಬರಹದಲ್ಲಿ ಪಡೆಯಲಿ.

ಕ್ರೆಡಿಟ್ ಎಂಬ ಮೀಟರ್ ಬಗ್ಗೆ ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಎಸ್ರಿಯ ಕ್ಲೌಡ್ ಸೇವೆಯಾದ ಆರ್ಕ್‌ಜಿಐಎಸ್ ಆನ್‌ಲೈನ್‌ನಲ್ಲಿ ಬಳಕೆಗೆ ತಕ್ಕಂತೆ ಕಡಿತವಾಗುವ ಘಟಕ ಅದು. ಅಲ್ಲಿ ವೆಕ್ಟರ್ ಫೀಚರ್ ಲೇಯರ್ (ಬಿಂದು, ಗೆರೆ, ಆಕೃತಿಗಳ ಪದರ) ಇಟ್ಟರೆ 10 ಎಂಬಿಗೆ ತಿಂಗಳಿಗೆ 2.4 ಕ್ರೆಡಿಟ್. 500 ಎಂಬಿ ಲೇಯರಿಗೆ ತಿಂಗಳಿಗೆ 120, ವರ್ಷಕ್ಕೆ 1440. ಅದೇ ಲೇಯರಿಗೆ ಲಗತ್ತಿಸಿದ ಫೋಟೋಗಳಿಗೆ 1 ಜಿಬಿಗೆ ತಿಂಗಳಿಗೆ ಬರೀ 1.2 ಕ್ರೆಡಿಟ್. ಭಾರ ಅನ್ನಿಸುವ ಫೋಟೋ ಅಗ್ಗ, ಹಗುರ ಅನ್ನಿಸುವ ಗೆರೆ ದುಬಾರಿ. ಹಾಗಾಗಿ ತಾಲ್ಲೂಕು ಗಡಿ, ಕೆರೆಗಳಂಥ ಬದಲಾಗದ ಲೇಯರುಗಳನ್ನು ಟೈಲ್ ಮಾಡಿ (ಮೊದಲೇ ಸಣ್ಣ ಚೌಕದ ತುಂಡುಗಳಾಗಿ ಸಿದ್ಧಪಡಿಸಿ) ಹಾಕಿ. ಟೈಲ್ ತಯಾರಿಕೆಗೆ ಒಮ್ಮೆ ಕ್ರೆಡಿಟ್ ಹೋದರೂ ಆಮೇಲಿನ ಬಾಡಿಗೆ ಜಿಬಿ ಲೆಕ್ಕದ್ದು. ವಿಳಾಸಗಳನ್ನು ನಕ್ಷೆಗೆ ಕೂರಿಸುವ ಜಿಯೋಕೋಡಿಂಗ್‌ಗೆ 1000 ವಿಳಾಸಕ್ಕೆ 40 ಕ್ರೆಡಿಟ್. 10,000 ಸಾಲಿನ ಪಟ್ಟಿಯನ್ನು ಪ್ರಯೋಗಕ್ಕೆಂದು ಮೂರು ಸಲ ಓಡಿಸಿದರೆ 1200 ಕ್ರೆಡಿಟ್ ಆವಿ. ಮೊದಲು 50 ಸಾಲು ಓಡಿಸಿ ನೋಡಿ. ಅಡ್ಮಿನ್ ಪುಟದಲ್ಲಿ ಕ್ರೆಡಿಟ್ ಬಜೆಟಿಂಗ್ ಆನ್ ಮಾಡಿ ತಲಾ ಇಷ್ಟೆಂದು ಮಿತಿ ಹಾಕುವುದನ್ನು ಮೊದಲ ದಿನವೇ ಮುಗಿಸಿ.

ನಕ್ಷೆ ನೋಡುವುದಷ್ಟೇ ಕೆಲಸವಾದವರಿಗೆ ಪ್ರೊ ಲೈಸೆನ್ಸ್ ಕೊಡಿಸುವುದು ದಂಡ. ಸರ್ವೆ ನಂಬರ್ ತಿಳಿಯಬೇಕಾದವರಿಗೆ ದಿಶಾಂಕ್ ಆ್ಯಪ್ ಇದೆ, ಕೆಎಂಎಲ್ (ಗೂಗಲ್ ಅರ್ಥ್ ತೆರೆಯುವ ನಕ್ಷೆ ಕಡತ) ನೋಡುವವರಿಗೆ 2015ರಿಂದ ಉಚಿತವಾಗಿರುವ ಗೂಗಲ್ ಅರ್ಥ್ ಪ್ರೊ ಇದೆ. ಮನೆಯಲ್ಲಿ ಕಲಿಯುವವರಿಗೆ ವರ್ಷಕ್ಕೆ 100 ಡಾಲರಿನ ಪರ್ಸನಲ್ ಯೂಸ್ ಲೈಸೆನ್ಸ್ ಇದೆ; ಅದರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ.

ಹಾಗಾದರೆ ಎಲ್ಲರೂ ಕ್ಯೂಜಿಐಎಸ್‌ಗೆ ಹೋಗಿಬಿಡಬಹುದಲ್ಲ? ಬಹುಪಾಲು ಕೆಲಸಕ್ಕೆ ಹೌದು. 2002ರಲ್ಲಿ ಶುರುವಾದ ಯೋಜನೆ, ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಲೈಸೆನ್ಸ್, ಎಷ್ಟು ಯಂತ್ರಕ್ಕಾದರೂ ಹಾಕಿ, ವಾಣಿಜ್ಯ ಕೆಲಸಕ್ಕೂ ಅಡ್ಡಿಯಿಲ್ಲ. ಜಿಪಿಎಲ್ ಅಂದರೆ ನಾವು ಮಾಡಿದ ನಕ್ಷೆಯನ್ನೂ ಬಿಟ್ಟಿ ಕೊಡಬೇಕು ಎಂಬ ಭಯ ಆಧಾರವಿಲ್ಲದ್ದು. ನಕ್ಷೆ ನಿಮ್ಮದು. ಒಳಗಿನ ಬಳಕೆಗೆ ಬರೆದ ಪ್ಲಗಿನ್ ಕೂಡ ನಿಮ್ಮಲ್ಲೇ ಇರಬಹುದು. ಆ ಪ್ಲಗಿನ್ನನ್ನು ಗ್ರಾಹಕರಿಗೆ ಕೊಟ್ಟಾಗ ಮಾತ್ರ ಸೋರ್ಸ್ ಕೋಡ್ ಜೊತೆಗೆ ಜಿಪಿಎಲ್ ಹಕ್ಕುಗಳೂ ಅವರಿಗೆ ಹೋಗಬೇಕು. ಕಚೇರಿ ಬಳಕೆಗೆ ಎಲ್‌ಟಿಆರ್ (ದೀರ್ಘಾವಧಿ ಬೆಂಬಲದ) ಆವೃತ್ತಿಯನ್ನೇ ಹಾಕಿ. ನಾಲ್ಕು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಗೆ ಜಿಗಿದರೆ ಯಾವುದೋ ಒಂದು ಪ್ಲಗಿನ್ ಕೈಕೊಡುತ್ತದೆ.

ಅಪಾಯ ಇರುವುದು ತಂತ್ರಾಂಶದ ಲೈಸೆನ್ಸಿನಲ್ಲಲ್ಲ, ಅದರೊಳಗೆ ಎಳೆದುಕೊಳ್ಳುವ ದತ್ತಾಂಶದ ಲೈಸೆನ್ಸಿನಲ್ಲಿ. ಗೂಗಲ್ ಉಪಗ್ರಹ ಚಿತ್ರವನ್ನು ಎಕ್ಸ್‌ವೈಜೆಡ್ ಲೇಯರಾಗಿ (ಇಂಟರ್ನೆಟ್‌ನಿಂದ ನೇರ ಬರುವ ಹಿನ್ನೆಲೆ ಪದರವಾಗಿ) ಹಾಕಿಕೊಂಡು ಮನೆ, ರಸ್ತೆ ಎಳೆಯುವುದನ್ನು ಅರ್ಧ ಊರು ಮಾಡುತ್ತದೆ. ಗೂಗಲ್‌ನ ಷರತ್ತುಗಳು ಅದನ್ನು ಒಪ್ಪುವುದಿಲ್ಲ. ಟೆಂಡರ್ ಕೆಲಸದಲ್ಲಿ ದತ್ತಾಂಶದ ಮೂಲ ಕೇಳಿದಾಗ ಉತ್ತರ ಇರುವುದಿಲ್ಲ. ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ 2012ರಿಂದ ಒಡಿಬಿಎಲ್ ಎಂಬ ಮುಕ್ತ ದತ್ತಾಂಶ ಲೈಸೆನ್ಸಿನ ಅಡಿಯಲ್ಲಿದೆ: ನಕ್ಷೆ ಮುದ್ರಿಸಿದರೆ ‘ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಎಂದು ಹಾಕಿದರೆ ಸಾಕು, ಆದರೆ ಅದರ ದತ್ತಾಂಶವನ್ನು ನಿಮ್ಮದರೊಳಗೆ ಬೆರೆಸಿ ಹೊಸ ಡೇಟಾಬೇಸ್ ಮಾಡಿ ಸಾರ್ವಜನಿಕವಾಗಿ ಬಿಟ್ಟರೆ ಅದೂ ಒಡಿಬಿಎಲ್ ಅಡಿಯಲ್ಲೇ ಹೋಗಬೇಕು.

ಡ್ರೋನ್ ಕೆಲಸದವರಿಗೆ ಇನ್ನೊಂದು ಗೆರೆ ಇದೆ. 2021ರ ಫೆಬ್ರವರಿಯ ಕೇಂದ್ರದ ಮಾರ್ಗಸೂಚಿ ಪ್ರಕಾರ ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ಸೂಕ್ಷ್ಮ ನಿಖರತೆಯ ದತ್ತಾಂಶ ಭಾರತದಲ್ಲೇ ಸಂಗ್ರಹವಾಗಬೇಕು, ಸಂಸ್ಕರಣೆಯೂ ಇಲ್ಲೇ ಆಗಬೇಕು. ಡ್ರೋನಿನ ಆರ್ಥೋಫೋಟೋ (ನಕ್ಷೆಯಂತೆ ಅಳೆಯಲು ಬರುವ, ಓರೆ ತಿದ್ದಿದ ಚಿತ್ರ) ಸಾಮಾನ್ಯವಾಗಿ ಈ ಮಿತಿಗಿಂತ ಸೂಕ್ಷ್ಮವೇ ಆಗಿರುತ್ತದೆ. ಯಾವುದೇ ಕ್ಲೌಡ್ ಸೇವೆಗೆ ಅದನ್ನು ಏರಿಸುವ ಮೊದಲು ಸರ್ವರ್ ಯಾವ ದೇಶದಲ್ಲಿದೆ ಎಂದು ಕೇಳಿ. ಉತ್ತರ ತೃಪ್ತಿಕರವಲ್ಲದಿದ್ದರೆ ನಿಮ್ಮದೇ ಸರ್ವರಿನಲ್ಲಿ ಆರ್ಕ್‌ಜಿಐಎಸ್ ಎಂಟರ್‌ಪ್ರೈಸ್ ಅಥವಾ ಪೋಸ್ಟ್‌ಜಿಐಎಸ್ (ನಕ್ಷೆ ದತ್ತಾಂಶದ ಡೇಟಾಬೇಸ್) ಜೊತೆ ಜಿಯೋಸರ್ವರ್ (ಅದನ್ನು ವೆಬ್‌ಗೆ ಕೊಡುವ ಸರ್ವರ್) ಹಾಕಿಕೊಳ್ಳಿ.

ಬಿಟ್ಟುಹೋಗುವ ದಾರಿಯನ್ನು ಸೇರುವಾಗಲೇ ನೋಡಿಟ್ಟುಕೊಳ್ಳಿ. ಫೈಲ್ ಜಿಯೋಡೇಟಾಬೇಸ್ ಈಗ ಬಂಧನವಲ್ಲ, ಕಡತ ಓದುವ ಒಳಗಿನ ಲೈಬ್ರರಿಯಾದ ಜಿಡಾಲ್‌ನ 3.6 ಆವೃತ್ತಿಯಿಂದ ಕ್ಯೂಜಿಐಎಸ್ ಅದನ್ನು ಓದುವುದಷ್ಟೇ ಅಲ್ಲ, ಬರೆಯುತ್ತದೆ ಕೂಡ. ಸಿಕ್ಕಿಬೀಳುವುದು ನಕ್ಷೆಯ ವಿನ್ಯಾಸ, ಬಣ್ಣ, ಲೇಬಲ್ ನಿಯಮಗಳು. ಅವಿರುವ ಪ್ರಾಜೆಕ್ಟ್ ಕಡತವನ್ನು ಕ್ಯೂಜಿಐಎಸ್ ನೇರವಾಗಿ ತೆರೆಯುವುದಿಲ್ಲ. ದತ್ತಾಂಶವನ್ನು ಹೊರತೆಗೆಯುವಾಗ ಶೇಪ್‌ಫೈಲ್ ಬೇಡ, ಜಿಯೋಪ್ಯಾಕೇಜ್ ಎಂಬ ಮುಕ್ತ ಕಡತ ಮಾದರಿ ಬಳಸಿ, ಕನ್ನಡದಲ್ಲಿ ಕಾಲಂ ಹೆಸರಿಟ್ಟವರಂತೂ ಖಂಡಿತ. ಶೇಪ್‌ಫೈಲಿನ ಕಾಲಂ ಹೆಸರಿಗೆ 10 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಗ್ರಾಮ’ ಎಂಬ ಪದದಲ್ಲಿ ಗ, ಒತ್ತಿನ ಗುರುತು, ರ, ಕಾಗುಣಿತದ ದೀರ್ಘ, ಮ ಸೇರಿ ಐದು ಸಂಕೇತ, 15 ಬೈಟ್. ಕಡತದಲ್ಲಿ ಉಳಿಯುವುದು ‘ಗ್ರ’.

ಪ್ರೊಗಿಂತ ಹಿಂದಿನ ಆರ್ಕ್‌ಮ್ಯಾಪ್ ತಂತ್ರಾಂಶ ಹಿಡಿದುಕೊಂಡೇ ಇರುವವರಿಗೆ: 2026ರ ಮಾರ್ಚ್ 1 ಅದರ ನಿವೃತ್ತಿಯ ದಿನ. ಶಾಶ್ವತ ಲೈಸೆನ್ಸ್ ಇದ್ದರೆ ಆಮೇಲೂ ತೆರೆದುಕೊಳ್ಳುತ್ತದೆ, ತಿದ್ದುಪಡಿ ಮತ್ತು ಸಹಾಯ ಸಿಗುವುದಿಲ್ಲ. ನಕ್ಷೆಗಳನ್ನು ಪ್ರೊಗೆ ಇಂಪೋರ್ಟ್ ಮಾಡುವುದು ಸುಲಭ, ಪೈಥಾನ್ 2.7ರ ಹಳೆ ಸ್ಕ್ರಿಪ್ಟುಗಳನ್ನು ಪೈಥಾನ್ 3ಕ್ಕೆ ತಿದ್ದುವುದಕ್ಕೇ ಸಮಯ ಎತ್ತಿಡಿ.

ನವೀಕರಣಕ್ಕೆ ಎರಡು ತಿಂಗಳಿದೆ ಎನ್ನುವಾಗ ಆರ್ಕ್‌ಜಿಐಎಸ್ ಆನ್‌ಲೈನ್‌ನ ಮೆಂಬರ್ಸ್ ಪುಟವನ್ನು ಕೊನೆಯ ಲಾಗಿನ್ ದಿನಾಂಕದ ಪ್ರಕಾರ ವಿಂಗಡಿಸಿ, ಆರು ತಿಂಗಳಿಂದ ಬಾರದವರ ಹೆಸರಿಗೆ ಗುರುತು ಹಾಕಿ, ಸ್ಟೇಟಸ್ ಪುಟದ ಕ್ರೆಡಿಟ್ ವರದಿಯನ್ನು ಇಳಿಸಿಕೊಳ್ಳಿ. ಹೊಸ ಕೊಟೇಶನ್ ಕೇಳುವುದು ಆಮೇಲೆ.