ಎರಡು ವರ್ಷ ಬಳಸಿದ ನೂರು ವ್ಯಾಟ್ ಕೇಬಲ್: ತಂತಿಗೆ ನಾಲ್ಕು ನಕ್ಷತ್ರ, ಡಬ್ಬಿಗೆ ಒಂದು

ಈ ಕೇಬಲ್ ಕೊಂಡು ಇಪ್ಪತ್ತಾರು ತಿಂಗಳಾಯಿತು. ಎರಡು ಮೀಟರ್ ಉದ್ದ, ಎರಡೂ ತುದಿಗೆ ಟೈಪ್-ಸಿ, ಮೇಲೆ ಹೆಣೆದ ಬೂದು ನೂಲಿನ ಹೊದಿಕೆ, ಬೆಲೆ ₹699. ಮದುವೆಗಳ ಫೋಟೊ, ವಿಡಿಯೊ ತೆಗೆಯುವುದು ನನ್ನ ಕಸುಬು. ಹಾಗಾಗಿ ಇದು ಮೇಜಿನ ಮೇಲೆ ಸುಖವಾಗಿ ಮಲಗಿದ್ದ ಕೇಬಲ್ ಅಲ್ಲ. ಕಲ್ಯಾಣ ಮಂಟಪಗಳ ಕುರ್ಚಿ ಕಾಲಿಗೆ ಸಿಕ್ಕಿದೆ, ಒಮ್ಮೆ ಮೈಮೇಲೆ ಶ್ಯಾವಿಗೆ ಪಾಯಸ ಚೆಲ್ಲಿಸಿಕೊಂಡಿದೆ, ಟ್ರೈಪಾಡ್ ಜೊತೆ ಚೀಲದೊಳಗೆ ನಜ್ಜುಗುಜ್ಜಾಗಿದೆ. ಇಷ್ಟಾದರೂ ಒಂದು ತುದಿಯ ಕತ್ತಿನ ಬಳಿ ಕಾಲಿಂಚು ನೂಲು ಬಿಚ್ಚಿಕೊಂಡಿದ್ದು ಬಿಟ್ಟರೆ ಗಟ್ಟಿಯಾಗಿಯೇ ಇದೆ. ನಡುವೆ ಪ್ಲಗ್ ಸಡಿಲವಾಯಿತೆಂದು ಇದನ್ನು ಬೈದುಕೊಂಡಿದ್ದೆ. ಆಮೇಲೆ ನೋಡಿದರೆ ಲ್ಯಾಪ್‌ಟಾಪ್‌ನ ತೂತಿನಲ್ಲಿ ಧೂಳು, ಜುಂಗು ಗಟ್ಟಿಯಾಗಿ ಕೂತಿತ್ತು. ಹಲ್ಲುಕಡ್ಡಿಯಿಂದ ಕೆದಕಿ ತೆಗೆದ ಮೇಲೆ ಮೊದಲಿನಂತೆ ಟಕ್ ಎಂದು ಕೂತಿತು.

ಚಾರ್ಜಿಂಗ್ ವಿಷಯದಲ್ಲಿ ಒಂದು ಮಾತೂ ಇಲ್ಲ. ನನ್ನ ಲ್ಯಾಪ್‌ಟಾಪ್ ಚಾರ್ಜರ್ 65 ವ್ಯಾಟ್‌ನದು. ಅಂದರೆ 20 ವೋಲ್ಟ್, 3.25 ಆಂಪಿಯರ್. ಸಾಮಾನ್ಯ ಸಿ-ಯಿಂದ-ಸಿ ಕೇಬಲ್ 3 ಆಂಪಿಯರ್‌ಗೆ ಮಾತ್ರ ಬದ್ಧ, ಅದಕ್ಕಿಂತ ಮೇಲೆ ಹೋಗಬೇಕಾದರೆ ಪ್ಲಗ್ಗಿನೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಬೇಕು. 'ನಾನು 5 ಆಂಪಿಯರ್ ಹೊರಬಲ್ಲೆ' ಎಂದು ಚಾರ್ಜರ್‌ಗೆ ಹೇಳುವುದು ಅದರ ಕೆಲಸ. 20 ವೋಲ್ಟ್‌ನಲ್ಲಿ ಅದು ನೂರು ವ್ಯಾಟ್. ಹಳೆಯ ಕೇಬಲ್ ಹಾಕಿದಾಗ ವ್ಯಾಟ್ ಅಳೆಯುವ ನನ್ನ ಮೀಟರ್ 58ರ ಮೇಲೆ ಏರುತ್ತಿರಲಿಲ್ಲ. ಇದನ್ನು ಹಾಕಿದರೆ 63 ತೋರಿಸುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ '100 ವ್ಯಾಟ್' ಹುಸಿಯಲ್ಲ.

ತಕರಾರು ಇರುವುದು ಅದರ ಕೆಳಗಿನ ಸಾಲಿನಲ್ಲಿ: 'ಫಾಸ್ಟ್ ಚಾರ್ಜಿಂಗ್ ಮತ್ತು ಡೇಟಾ'. ಅಂಗಡಿಯವರೂ, "ತೊಗೊಳ್ಳಿ ಸರ್, ನೂರು ವ್ಯಾಟ್, ಎಲ್ಲದಕ್ಕೂ ಆಗುತ್ತದೆ" ಎಂದು ಕೈಗೆ ಕೊಟ್ಟಿದ್ದರು. ನಂಬಿದೆ.

ಕೊಂಡ ಮೂರನೆಯ ವಾರ ಸಾಗರದಲ್ಲಿ ಒಂದು ಮದುವೆ. ಮುಹೂರ್ತ ಮುಗಿದು, ಊಟ ಮುಗಿದು, ಲ್ಯಾಪ್‌ಟಾಪ್‌ನಲ್ಲಿದ್ದ 180 ಜಿಬಿ ವಿಡಿಯೊವನ್ನು ಎಸ್‌ಎಸ್‌ಡಿಗೆ (ಕಡತ ತುಂಬಿಡುವ ವೇಗದ ಪುಟ್ಟ ಡ್ರೈವ್) ಇಳಿಸಿಕೊಟ್ಟು ಹೊರಡುವುದೆಂದು ಕೂತೆ. ಎಸ್‌ಎಸ್‌ಡಿಯ ಜೊತೆ ಬಂದಿದ್ದ ಗೇಣುದ್ದದ ಕೇಬಲ್ ಮನೆಯಲ್ಲಿ ಉಳಿದಿತ್ತು. ಇರಲಿ, ನೂರು ವ್ಯಾಟ್‌ನದು ಇದೆಯಲ್ಲ ಎಂದು ಇದನ್ನೇ ಚುಚ್ಚಿದೆ. ಪರದೆಯ ಮೇಲೆ ಸೆಕೆಂಡಿಗೆ 38 ಎಂಬಿ. ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ. ಎಸ್‌ಎಸ್‌ಡಿ ಕೆಟ್ಟಿತೆಂದುಕೊಂಡೆ. ತೂತು ಬದಲಿಸಿದೆ, ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಅಷ್ಟರಲ್ಲಿ ಶಾಮಿಯಾನದವರು ಬಂದು ನಾನು ಕೂತಿದ್ದ ಕುರ್ಚಿಯನ್ನೇ ಕೇಳಿದರು. ಉಳಿದದ್ದನ್ನು ನೆಲದ ಮೇಲೆ ಕೂತು ಮುಗಿಸಿದೆ. ಮರುದಿನ ಮನೆಯಲ್ಲಿ ಆ ಗಿಡ್ಡ ಕೇಬಲ್ ಹಾಕಿ ನೋಡಿದರೆ ಅಷ್ಟೇ ಕಡತ ಏಳು ನಿಮಿಷದೊಳಗೆ ಹೋಯಿತು.

ಆಗ ತಿಳಿದದ್ದು: ಈ ಕೇಬಲ್‌ನೊಳಗೆ ದತ್ತಾಂಶಕ್ಕೆಂದು ಇರುವುದು ಯುಎಸ್‌ಬಿ 2.0 ಎಂಬ ಹಳೆಯ, ನಿಧಾನದ ಮಾನದಂಡದ ಒಂದೇ ಜೋಡಿ ತಂತಿ. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಮೆಗಾಬಿಟ್ ಎಂಬುದನ್ನು ಎಂಟರಿಂದ ಭಾಗಿಸಿದರೆ ಕಾಗದದ ಮೇಲೆ 60 ಎಂಬಿ, ಕೈಗೆ ಸಿಗುವುದು ನಲವತ್ತರ ಆಸುಪಾಸು. ಟೈಪ್-ಸಿ ತೂತಿನಲ್ಲಿ 24 ಪಿನ್ ಇದ್ದರೂ ಎಲ್ಲ ಕೇಬಲ್‌ಗಳಲ್ಲೂ ಎಲ್ಲ ತಂತಿಗಳನ್ನೂ ಎಳೆದಿರುವುದಿಲ್ಲ. ವ್ಯಾಟ್ ಬೇರೆ, ವೇಗ ಬೇರೆ. ದಪ್ಪ ವಿದ್ಯುತ್ ತಂತಿ ಹಾಕಿದ ಮಾತ್ರಕ್ಕೆ ದತ್ತಾಂಶದ ಹಾದಿ ಅಗಲವಾಗುವುದಿಲ್ಲ. ಇದೇ ಕಾರಣಕ್ಕೆ ಈ ಕೇಬಲ್‌ನಿಂದ ಮಾನಿಟರ್‌ಗೂ ಚಿತ್ರ ಹೋಗಲಿಲ್ಲ. ಚಿತ್ರ ಸಾಗುವುದು ಇಲ್ಲಿ ಇಲ್ಲದ ಆ ವೇಗದ ಜೋಡಿಗಳಲ್ಲಿ. ನ್ಯಾಯವಾಗಿ ಹೇಳಬೇಕೆಂದರೆ ಇದು ಅಗ್ಗದ ಮಾಲಿನ ಜಾಯಮಾನವಷ್ಟೇ ಅಲ್ಲ. 2023ರಲ್ಲಿ ಬಂದ, ಲಕ್ಷ ರೂಪಾಯಿ ದಾಟಿದ ಐಫೋನ್ 15 ಪ್ರೊ 10 ಗಿಗಾಬಿಟ್ (ಅಂದರೆ ಹತ್ತು ಸಾವಿರ ಮೆಗಾಬಿಟ್) ವೇಗ ತಾಳಬಲ್ಲದು, ಆದರೆ ಡಬ್ಬಿಯಲ್ಲಿ ಕೊಟ್ಟ ಕೇಬಲ್ ಮಾತ್ರ ಇದೇ 480ರದು.

ಡಬ್ಬಿ ಓದಲು ಕಲಿಯೋಣವೆಂದರೆ ಹೆಸರುಗಳ ಗೊಂದಲ ಬೇರೆ. 2008ರಲ್ಲಿ ಯುಎಸ್‌ಬಿ 3.0 ಎಂದು ಬಂದ 5 ಗಿಗಾಬಿಟ್ ವೇಗಕ್ಕೆ ಆಮೇಲೆ '3.1 ಜೆನ್ 1' ಎಂದು ನಾಮಕರಣವಾಯಿತು, ಅದರ ಮೇಲೆ '3.2 ಜೆನ್ 1' ಎಂದು ಇನ್ನೊಂದು. ಮಗು ಬೆಳೆದಿಲ್ಲ, ಹೆಸರು ಮಾತ್ರ ಬೆಳೆದಿದೆ. '3.2' ಎಂದು ಓದಿ ಹೊಸದೆಂದು ಹಿಗ್ಗುವವನಿಗೆ ಸಿಗುವುದು 2008ರ ವೇಗವೇ ಇರಬಹುದು. ಈ ಮಾನದಂಡ ನೋಡಿಕೊಳ್ಳುವ ಯುಎಸ್‌ಬಿ-ಐಎಫ್ ಸಂಸ್ಥೆ 2022ರಲ್ಲಿ ಕೊನೆಗೂ ಎಚ್ಚೆತ್ತು, ಡಬ್ಬಿಯ ಮೇಲೂ ಕೇಬಲ್‌ನ ಮೇಲೂ ಇಷ್ಟು ಗಿಗಾಬಿಟ್, ಇಷ್ಟು ವ್ಯಾಟ್ ಎಂದು ಅಂಕಿಗಳನ್ನೇ ಹಾಕುವ ಲಾಂಛನಗಳನ್ನು ತಂದಿತು. ಅವು ಸಿಗುವುದು ಪರೀಕ್ಷೆ ಮಾಡಿಸಿಕೊಂಡು ಪ್ರಮಾಣಪತ್ರ ಪಡೆದವರಿಗೆ. ನನ್ನ ಕೇಬಲ್‌ನ ಪ್ಲಗ್ ಮೇಲೆ ಇರುವುದು ಕಂಪನಿಯ ಹೆಸರು ಮಾತ್ರ, ಅದೂ ಅರ್ಧ ಅಳಿಸಿದೆ.

ಅಮ್ಮ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮೂರನ್ನೂ ಒಂದೇ ಬಗೆಯ ಹಳೆಯ ಬಾಟಲಿಗಳಲ್ಲಿ ತುಂಬಿಡುತ್ತಾಳೆ. ಚೀಟಿ ಅಂಟಿಸುವುದಿಲ್ಲ, ಮುಚ್ಚಳ ತೆಗೆದು ಮೂಸಿದರೆ ಸಾಕು. ಕೇಬಲ್‌ಗೆ ಆ ಅನುಕೂಲವೂ ಇಲ್ಲ.

ಅಪ್ಪನ ಟಾರ್ಚಿನ ಕತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕೇಬಲ್‌ಗೆ ಒಂದು ನಕ್ಷತ್ರ ಕೊಟ್ಟವರಲ್ಲಿ ಅರ್ಧ ಜನರ ಗೋಳು ಇದೇ ಇರಬಹುದು. ತೋಟಕ್ಕೆ ಒಯ್ಯಲು ಟೈಪ್-ಸಿ ಟಾರ್ಚ್ ತಂದುಕೊಟ್ಟಿದ್ದೆ. ಈ ಕೇಬಲ್ ಹಾಕಿದರೆ ಕೆಂಪು ದೀಪವೇ ಹತ್ತದು. "ನಿನ್ನ ನೂರು ವ್ಯಾಟ್ ಇಷ್ಟೇ ಏನೋ?" ಎಂದು ಅಪ್ಪ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಳೆಯ ಮೊಬೈಲ್‌ನ ಅಗಲ ಬಾಯಿಯ ಚಾರ್ಜರ್, ಅದರ ಕೇಬಲ್ ಹಾಕಿದ ತಕ್ಷಣ ಹತ್ತಿತು. ತಪ್ಪು ಕೇಬಲ್‌ನದಲ್ಲ. ಟೈಪ್-ಸಿ ಚಾರ್ಜರ್ ಆ ಕಡೆ ಯಾರಿದ್ದಾರೆಂದು ಖಾತ್ರಿಯಾಗುವವರೆಗೆ ವಿದ್ಯುತ್ ಬಿಡುವುದಿಲ್ಲ. ಆ ಗುರುತು ಹೇಳಲು ಟಾರ್ಚಿನೊಳಗೆ 5.1 ಕಿಲೊಓಮ್‌ನ ಎರಡು ಪುಟ್ಟ ರೆಸಿಸ್ಟರ್ ಬೇಕು. ಪುಡಿಗಾಸು ಉಳಿಸಲು ಅವನ್ನು ಹಾಕದೇ ಬಿಡುವ ತಯಾರಕರಿದ್ದಾರೆ. ಹಳೆಯ ಅಗಲ ಬಾಯಿಯ ಚಾರ್ಜರ್‌ಗೆ ಈ ವಿಚಾರಣೆಯೆಲ್ಲ ಇಲ್ಲ, ಅದು ಸದಾ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಆದ್ದರಿಂದ ಟಾರ್ಚ್, ಟ್ರಿಮ್ಮರ್ ಚಾರ್ಜ್ ಆಗಲಿಲ್ಲವೆಂದು ಕೇಬಲ್ ವಾಪಸ್ ಮಾಡುವ ಮೊದಲು ಹಳೆಯ ಚಾರ್ಜರ್ ಒಮ್ಮೆ ಹುಡುಕಿ.

ಈಗ ನನ್ನ ಚೀಲದಲ್ಲಿ ಕೇಬಲ್‌ಗಳ ಕುತ್ತಿಗೆಗೆ ಇನ್ಸುಲೇಷನ್ ಟೇಪು ಸುತ್ತಿದ್ದೇನೆ. ಕೆಂಪು ಬರೀ ಚಾರ್ಜಿಗೆ, ಹಸಿರು ಕಡತಕ್ಕೆ, ಹಸಿರಿನ ಮೇಲೆ ಮಾರ್ಕರ್‌ನಲ್ಲಿ '10', ಅಂದರೆ 10 ಗಿಗಾಬಿಟ್. ಬೇಸಿಗೆಯಲ್ಲಿ ಅಂಟು ಜಾರಿ ಕೈಗೆಲ್ಲ ಮೆತ್ತುತ್ತದೆ, ಆದರೂ ಸಹಾಯಕ ಹುಡುಗ ತಪ್ಪು ಕೇಬಲ್ ಕೊಡುವುದು ನಿಂತಿದೆ.

ಕೊಳ್ಳಬಹುದೇ? ಲ್ಯಾಪ್‌ಟಾಪ್, ಮೊಬೈಲ್ ಚಾರ್ಜಿಗೆ ಉದ್ದನೆಯ, ಬಾಳಿಕೆಯ ಕೇಬಲ್ ಬೇಕಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಎಸ್‌ಎಸ್‌ಡಿಗೆ, ಮಾನಿಟರ್‌ಗೆ ಬೇಡವೇ ಬೇಡ. ಅದಕ್ಕೆ ಗಿಗಾಬಿಟ್ ಅಂಕಿ ಬರೆದಿರುವ, ಮೀಟರಿಗಿಂತ ಉದ್ದವಿಲ್ಲದ ಕೇಬಲ್ ಬೇರೆಯೇ ತೆಗೆದುಕೊಳ್ಳಿ. ಮಾರಾಟದ ಪುಟವನ್ನು ನಿನ್ನೆ ಮತ್ತೆ ತೆರೆದು ನೋಡಿದೆ. ಬೆಲೆ ₹849 ಆಗಿದೆ. '480' ಎಂಬ ಅಂಕಿ ತೀರಾ ತಳದಲ್ಲಿ, ಯಾರೋ ಗ್ರಾಹಕರು ಕೇಳಿದ ಪ್ರಶ್ನೆಯ ಉತ್ತರದಲ್ಲಿ ಸಿಕ್ಕಿತು. ಡಬ್ಬಿಯ ಚಿತ್ರದಲ್ಲಿ 'ಡೇಟಾ' ಎಂಬ ಪದದ ಮುಂದೆ ಈಗಲೂ ಏನೂ ಇಲ್ಲ.