ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಮಿಂಟ್: ಕೆಲವು ವರ್ಷ ಬಳಸಿದ ಮೇಲೆ

ನನ್ನದು ಡಿಟಿಪಿ ಕೆಲಸ. ಕೆಲವು ಪ್ರೆಸ್‌ನವರು ಈಗಲೂ ನುಡಿ ಆಸ್ಕಿ ಫಾಂಟ್‌ನಲ್ಲೇ (ಯೂನಿಕೋಡ್‌ಗೂ ಮೊದಲಿನ ಹಳೇ ಪದ್ಧತಿ) ಫೈಲ್ ಕೇಳುತ್ತಾರೆ, ಹಾಗಾಗಿ ವಿಂಡೋಸ್ ಬಿಡುವ ಹಾಗಿಲ್ಲ. ಉಳಿದ ಕೆಲಸಕ್ಕೆಲ್ಲ ನನಗೆ ಲಿನಕ್ಸ್ ಮಿಂಟ್ ಇಷ್ಟ, ಅದು ವಿಂಡೋಸ್‌ನ ಹಾಗೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಂ (ಓಎಸ್), ಉಚಿತ. ಎರಡನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡು (ಇದಕ್ಕೇ ಡ್ಯುಯಲ್ ಬೂಟ್ ಅನ್ನುವುದು) ವರ್ಷಗಳೇ ಆದವು. ಆನ್ ಮಾಡಿದರೆ ಯಾವ ಓಎಸ್ ಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತದೆ, ಬೇಕಾದ್ದಕ್ಕೆ ಎಂಟರ್ ಒತ್ತಿದರೆ ಆಯಿತು.

ಹಾಕಿಕೊಳ್ಳುವುದೇನೂ ಕಷ್ಟವಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಶ್ರಿಂಕ್ ಮಾಡಿ ಜಾಗ ಬಿಡಿಸಿ, ಪೆನ್‌ಡ್ರೈವ್‌ನಿಂದ ಮಿಂಟ್ ಬೂಟ್ ಮಾಡಿದರೆ ಮುಂದಿನದನ್ನು ಇನ್‌ಸ್ಟಾಲರ್ ಕೇಳುತ್ತಾ ಹೋಗುತ್ತದೆ. ಆದರೆ ಅದಕ್ಕೂ ಮೊದಲು ಫೈಲ್‌ಗಳ ಬ್ಯಾಕಪ್ ತೆಗೆದಿಡಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ಅಂತಲೂ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬೂಟ್ ಸೆಟ್ಟಿಂಗ್ ಮುಟ್ಟಿದರೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಕೆಲಸಕ್ಕೆ ಕೈಹಾಕಿ.

ನಿಜವಾದ ತಲೆನೋವು ಶುರುವಾಗುವುದು ಆಮೇಲೆ, ಎರಡೂ ಓಎಸ್ ಹಂಚಿಕೊಳ್ಳುವ ವಸ್ತುಗಳಲ್ಲಿ. ಮೊದಲನೆಯದು ಗಡಿಯಾರ. ಮಿಂಟ್‌ನಿಂದ ವಿಂಡೋಸ್‌ಗೆ ಬಂದರೆ ಮಧ್ಯಾಹ್ನ 3 ಗಂಟೆಗೆ ಬೆಳಗ್ಗೆ 9.30 ತೋರಿಸುತ್ತಿತ್ತು. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂತ ಓದುತ್ತದೆ. ನಮಗೆ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಫೈಲ್‌ಗಳ ಸಮಯ ತಪ್ಪಾಗಿ ಬಿದ್ದರೆ ಯಾವುದು ಹಳೇ ಪ್ರೂಫ್, ಯಾವುದು ತಿದ್ದಿದ್ದು ಅಂತಲೇ ಗೊತ್ತಾಗುವುದಿಲ್ಲ. ಮಿಂಟ್‌ನ ಟರ್ಮಿನಲ್‌ನಲ್ಲಿ ‘timedatectl set-local-rtc 1’ ಅಂತ ಕೊಟ್ಟರೆ ಸರಿಹೋಗುತ್ತದೆ. ಹಾಗೆ ಮಾಡಬೇಡಿ ಅಂತ ಲಿನಕ್ಸ್ ಎಚ್ಚರಿಸುತ್ತದೆ, ಅದು ಬೇಸಿಗೆ, ಚಳಿಗಾಲಕ್ಕೆ ಗಡಿಯಾರ ಬದಲಿಸುವ ದೇಶಗಳಲ್ಲಿ ಮುಖ್ಯ. ಭಾರತದಲ್ಲಿ ಆ ಪದ್ಧತಿ ಇಲ್ಲ. ನನಗೆ ಇದುವರೆಗೂ ತೊಂದರೆ ಆಗಿಲ್ಲ.

ಎರಡನೆಯದು ಡಿ ಡ್ರೈವ್. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಇದೆ, ಅಲ್ವಾ? ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ನಿಲ್ಲುವುದಿಲ್ಲ. ಕರ್ನಲ್‌ನ (ಓಎಸ್‌ನ ತಿರುಳಿನ) ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗುತ್ತದೆ. ಆಗ ಮಿಂಟ್‌ನಲ್ಲಿ ಡಿ ಡ್ರೈವ್ ತೆರೆದರೆ ಫೈಲ್ ಓದಬಹುದು, ಸೇವ್ ಮಾಡಲು ಆಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ಆಫ್ ಮಾಡಿಬಿಡಿ. ಎಸ್‌ಎಸ್‌ಡಿ ಇದ್ದರೆ ವೇಗದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಎಸ್‌ಎಸ್‌ಡಿಗೆ ಜಾಗ ಇದ್ದರೆ ಖರ್ಚು ಮಾಡಿ ಹಾಕಿಸಿ. ಈ ವಿಮರ್ಶೆಯಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಒಂದು ಓಎಸ್ ಅಳಿಸಿ ಹೊಸದಾಗಿ ಹಾಕುವಾಗ ಇನ್ನೊಂದರ ಚಿಂತೆ ಇರುವುದಿಲ್ಲ. ಮಿಂಟ್ ಹಾಕುವಾಗ ವಿಂಡೋಸ್ ಇರುವ ಡಿಸ್ಕ್ ಬಿಚ್ಚಿಡಿ. ಇಲ್ಲದಿದ್ದರೆ ಇನ್‌ಸ್ಟಾಲರ್ ಗ್ರಬ್ ಅನ್ನು ಆ ಡಿಸ್ಕ್‌ನ ಇಎಫ್‌ಐ ಪಾರ್ಟಿಷನ್‌ನಲ್ಲೇ (ಬೂಟ್ ಫೈಲ್‌ಗಳಿರುವ ಭಾಗದಲ್ಲೇ) ಇಟ್ಟುಬಿಡಬಹುದು, ಆಗ ಬೇರೆ ಡಿಸ್ಕ್ ಹಾಕಿಸಿದ್ದೇ ದಂಡ.

ಬೇರೆ ಡಿಸ್ಕ್ ಇದ್ದರೂ ಎಲ್ಲದರಿಂದ ಪಾರಾಗುತ್ತೇವೆ ಅಂತಲ್ಲ. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ, ಹಳೇ ಬೂಟ್‌ಲೋಡರ್ (ಗ್ರಬ್‌ನ ಹಾಗೆ ಓಎಸ್ ಶುರು ಮಾಡುವ ತಂತ್ರಾಂಶ) ಇದ್ದ ಎಷ್ಟೋ ಲಿನಕ್ಸ್‌ಗಳು ಸೆಕ್ಯೂರ್ ಬೂಟ್ (ನಂಬಿಕೆಯ ಬೂಟ್‌ಲೋಡರ್‌ಗಳನ್ನು ಮಾತ್ರ ಬಿಡುವ ಕಾವಲು) ಆನ್ ಇದ್ದಾಗ ತೆರೆದುಕೊಳ್ಳಲೇ ಇಲ್ಲ. ಹಳೇ ಬೂಟ್‌ಲೋಡರ್‌ಗಳಿಗೆ ಅಪ್‌ಡೇಟ್ ಹಾಕಿದ ಆ ತಡೆ ಕೂತಿದ್ದು ಡಿಸ್ಕ್‌ನಲ್ಲಲ್ಲ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶದಲ್ಲಿ (ಫರ್ಮ್‌ವೇರ್). ಅದಕ್ಕೇ ಮಿಂಟ್‌ಗೂ ಆಗಾಗ ಅಪ್‌ಡೇಟ್ ಕೊಡಿ, ಹೊಸ ಆವೃತ್ತಿಯ ಪೆನ್‌ಡ್ರೈವ್ ಒಂದು ಚೀಲದಲ್ಲಿರಲಿ.

ಕನ್ನಡ ಟೈಪಿಂಗ್ ಬಗ್ಗೆ ಹೆದರಬೇಡಿ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಕಗಪ ವಿನ್ಯಾಸ ಇದೆ, ಹೊಡೆದದ್ದೆಲ್ಲ ಯೂನಿಕೋಡ್. ನುಡಿಯಲ್ಲಿ ಪಳಗಿದ ಕೈಗೆ ಒಗ್ಗಿಕೊಳ್ಳಲು ಹೊತ್ತು ಹಿಡಿಯುವುದಿಲ್ಲ.

ಸುಮ್ನೆ ಲಿನಕ್ಸ್ ಹೇಗಿದೆ ಅಂತ ನೋಡುವ ಆಸೆ ಇರುವವರಿಗೆ, RAM 16 ಜಿಬಿ ಇದ್ದರೆ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವರ್ಚುವಲ್‌ಬಾಕ್ಸ್ ಸಾಕು. 4 ಜಿಬಿಯ ಹಳೇ ಮಷಿನ್ ಇದ್ದು, ವಿಂಡೋಸ್ ಕೆಲಸ ಅಪರೂಪಕ್ಕೆ ಮಾತ್ರ ಅನ್ನುವವರು ಡ್ಯುಯಲ್ ಬೂಟ್ ಮಾಡಿಕೊಳ್ಳಿ. ಎರಡೂ ಒಟ್ಟಿಗೆ ಓಡಿದರೆ ಆ ಮಷಿನ್ ತಡೆಯುವುದಿಲ್ಲ.