ಬ್ಯಾಡ್‌ಲ್ಯಾಂಡ್ಸ್‌ಗೆ ಬಾಡಿಗೆ ಕಾರಲ್ಲಿ ಹೋಗೋರೇ, ಜಲ್ಲಿ ರಸ್ತೆ ವಿಷಯ ಬರೆಸಿಕೊಂಡೇ ಹೊರಡಿ

ಅಮೆರಿಕದ ಸೌತ್ ಡಕೋಟಾದಲ್ಲಿರೋ ಬ್ಯಾಡ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್ ಕಡೆ ಹೊರಟಿದ್ದರೆ, ರ‍್ಯಾಪಿಡ್ ಸಿಟಿಯಲ್ಲಿ ಕಾರು ತಗೊಳ್ಳೋರಿದ್ದರೆ, ದಯವಿಟ್ಟು ಓದಿ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಕೀ ತಗೊಳ್ಳೋ ಮುಂಚೆಯೇ ಬಾಡಿಗೆ ಕಾರಿನ ಕೌಂಟರ್‌ನಲ್ಲಿದ್ದವನನ್ನ ಕೇಳಿದ್ದೆ. ಸೇಜ್ ಕ್ರೀಕ್ ರಿಮ್ ರಸ್ತೆಗೆ ಹೋಗ್ತೀವಿ, ಅದು ಜಲ್ಲಿ ರಸ್ತೆ, ಪರವಾಗಿಲ್ವಾ ಅಂತ. "ಎಲ್ಲರೂ ಹೋಗ್ತಾರೆ, ಬೈಸನ್ ಸಿಗೋದೇ ಅಲ್ಲಿ" ಅಂದ. ಫುಲ್ ಕವರ್ ಇನ್ಶೂರೆನ್ಸನ್ನೂ ಒತ್ತಾಯ ಮಾಡಿ ಅವನೇ ಹಾಕಿಸಿದ. ಗಾಜಿಗೆ ಏನಾದ್ರೂ ಆದ್ರೆ ತಲೆ ಕೆಡಿಸಿಕೊಳ್ಳಬೇಡಿ ಅಂದ. ಅವನೇ ಅಂದಿದ್ದು!

ಜಾಗದ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳಲ್ಲ. ವಾಲ್ ಅನ್ನೋ ಊರಿನ ಹತ್ರ ಐ-90 ಹೆದ್ದಾರಿ ಬಿಟ್ಟು 240ನೇ ನಂಬರಿನ ಲೂಪ್ ರಸ್ತೆ ಹಿಡಿದರೆ ಹುಲ್ಲುಗಾವಲು ಇದ್ದಕ್ಕಿದ್ದ ಹಾಗೆ ಕುಸಿದು ಪಟ್ಟೆಪಟ್ಟೆ ಮಣ್ಣಿನ ಗೋಡೆಗಳು ಏಳುತ್ತವೆ. ಯೆಲ್ಲೋ ಮೌಂಡ್ಸ್ ಅನ್ನೋ ಹಳದಿ ದಿಬ್ಬಗಳ ಹತ್ರ ಇಳಿದ ಅಪ್ಪ ವಾಪಸ್ ಕಾರು ಹತ್ತೋಕೇ ಒಪ್ಪಲಿಲ್ಲ. ಆಮೇಲೆ ಸೇಜ್ ಕ್ರೀಕ್ ಕಡೆ ತಿರುಗಿದ್ವಿ. ಪ್ರೇರಿ ಡಾಗ್ ಅನ್ನೋ ಅಳಿಲಿನ ಜಾತಿಯ ಪುಟ್ಟ ಪ್ರಾಣಿಗಳು, ಬೈಸನ್ ಹಿಂಡು, ಎಲ್ಲಾ ಕಾಣಿಸ್ತು. ಎದುರಿಂದ ಬಂದ ಪಿಕಪ್‌ನ ಚಕ್ರದಿಂದ ಕಲ್ಲೊಂದು ಎಗರಿ ಗಾಜಿಗೆ ಬಿತ್ತು. ಸಾಸಿವೆಯಷ್ಟು ಚುಕ್ಕೆ. ಕವರ್ ಇದೆಯಲ್ಲ, ನೆಮ್ಮದಿಯಾಗಿದ್ವಿ.

ಕಾರು ವಾಪಸ್ ಕೊಡುವಾಗ ಅದೇ ಮನುಷ್ಯ. ಬಾಗಿಲ ಮೇಲಿನ ಧೂಳನ್ನ ಬೆರಳಲ್ಲಿ ಒರೆಸಿ, ನಗ್ತಾ ಕೇಳಿದ, "ಸೇಜ್ ಕ್ರೀಕ್ ಹೇಗಿತ್ತು? ಬೈಸನ್ ಸಿಕ್ತಾ?" ಅಮ್ಮ ಖುಷಿಯಿಂದ ಫೋಟೋ ತೋರಿಸಿದ್ರು. ಅಷ್ಟೂ ನೋಡಿ ಮುಗಿಸಿ, ಅಗ್ರಿಮೆಂಟ್ ತಂದು ಸಣ್ಣಕ್ಷರದ ಒಂದು ಸಾಲಿನ ಮೇಲೆ ಪೆನ್ ಇಟ್ಟ. ಡಾಂಬರು ಇಲ್ಲದ ರಸ್ತೆಗೆ ಹೋದರೆ ಕವರ್ ರದ್ದು. ಪೂರ್ತಿ ರದ್ದು.

"ಹೋಗಿ ಅಂತ ನೀವೇ ಹೇಳಿದ್ರಲ್ಲ?"

"ಹೋಗಬಹುದು ಅಂದೆ. ಅಲ್ಲಿ ಕವರ್ ಇರುತ್ತೆ ಅಂದೆನಾ?"

ಇದು ಉತ್ತರ! ಹಿಂದೆ ಸಾಲು ನಿಂತಿದೆ, ಅಪ್ಪ "ಏನಂತೆ ಕಣೋ?" ಅಂತಿದಾರೆ, ನನಗೆ ಮುಖ ಎತ್ತೋಕೆ ಆಗ್ತಿಲ್ಲ. ಅವರೆದುರಿಗೆ ಹೀಗೆ ಆಗಬಾರದಿತ್ತು.

ಹೊಸ ಗಾಜು, ಕಾರು ನಿಂತ ದಿನಗಳ ಬಾಡಿಗೆ, ಮೇಲೊಂದು ಕಾಗದಪತ್ರದ ಚಾರ್ಜು, ಎಲ್ಲಾ ಕಾರ್ಡಿಂದ ಎಳೆದುಕೊಂಡರು. ಇಮೇಲ್ ಹಾಕಿದರೆ "ಬಾಯಿಮಾತು ಒಪ್ಪಂದಕ್ಕೆ ಸೇರಲ್ಲ". ಮತ್ತೆ ಹಾಕಿದರೆ ಅದೇ ಸಾಲು. ಕವರ್ ರದ್ದು ಅನ್ನೋದಾದ್ರೆ ಅದರ ದುಡ್ಡಾದ್ರೂ ಕೊಡಿ ಅಂದೆ. "ಅದು ನೀವೇ ಆಯ್ದುಕೊಂಡ ಸೇವೆ, ವಾಪಸ್ ಇಲ್ಲ."

ಸೇಜ್ ಕ್ರೀಕ್‌ಗೆ ಹೋಗೋದಾದ್ರೆ ಅಲ್ಲಿ ಕವರ್ ನಡೆಯುತ್ತೆ ಅಂತ ಅಗ್ರಿಮೆಂಟ್ ಮೇಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಬರೆಯಲ್ಲ ಅಂದ್ರೆ 240 ಬಿಟ್ಟು ಇಳಿಯಬೇಡಿ, ಅದು ಪೂರ್ತಿ ಡಾಂಬರು. ಕೌಂಟರ್‌ನಲ್ಲಿ ಯಾರಿಗೂ ಫೋಟೋ ತೋರಿಸಬೇಡಿ. ನಾನು ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟಿದ್ದೀನಿ, ಇನ್ನೂ ಉತ್ತರ ಬಂದಿಲ್ಲ.